ಪುಸ್ತಕ ಮುಚ್ಚಿಟ್ಟು ಹೇಳುವ ಕಥೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್ ಆಸ್ಟೋರಿಯಾ ಎಂಬ ಸಿಗರೇಟು ಕಾರ್ಖಾನೆ ಇತ್ತು. ಅದನ್ನು ನಡೆಸುತ್ತಿದ್ದ ಎಮಿಲ್ ಮೋಲ್ಟ್ ತನ್ನ ಕಾರ್ಮಿಕರ ಮಕ್ಕಳಿಗೊಂದು ಶಾಲೆ ಬೇಕೆಂದು ಅಧ್ಯಾತ್ಮ ಚಿಂತಕ ರುಡಾಲ್ಫ್ ಸ್ಟೈನರ್ ಅವರನ್ನು ಕೇಳಿಕೊಂಡ. 1919ರ ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಯಿತು. ಮಹಾಯುದ್ಧದಲ್ಲಿ ಸೋತು ಇನ್ನೂ ವರ್ಷ ತುಂಬದ ದೇಶ ಅದು. ಅಲ್ಲಿ ಕಾರ್ಮಿಕರ ಮಕ್ಕಳೂ ಉಳ್ಳವರ ಮಕ್ಕಳೂ, ಗಂಡೂ ಹೆಣ್ಣೂ ಒಂದೇ ಕೋಣೆಯಲ್ಲಿ ಕೂತು ಕಲಿತರು.

ಆ ಶಾಲೆಯ ಮಾದರಿಯಲ್ಲಿ ನಡೆಯುವ ವಾಲ್ಡಾರ್ಫ್ ಶಾಲೆಗಳ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಅಲ್ಲಿ ಕಥೆ ಹೇಳುವ ರೀತಿಯಲ್ಲಿ. ಒಂದನೇ ತರಗತಿಗೆ ಜಾನಪದ ಕಥೆ, ಎರಡನೆಯದಕ್ಕೆ ನೀತಿಕಥೆ ಮತ್ತು ಸಂತರ ಕಥೆ. ಶಿಕ್ಷಕಿ ಹಿಂದಿನ ದಿನವೇ ಕಥೆಯನ್ನು ಓದಿ ಮನನ ಮಾಡಿಕೊಂಡು ಬಂದು, ಪುಸ್ತಕವಿಲ್ಲದೆ, ಮಕ್ಕಳ ಮುಖ ನೋಡುತ್ತಾ ಹೇಳುತ್ತಾಳೆ. ಅದನ್ನು ಮಕ್ಕಳಿಂದ ಕೇಳುವುದು ಮರುದಿನ. ನಡುವೆ ಒಂದು ರಾತ್ರಿಯ ನಿದ್ದೆ ಬೇಕು ಎಂಬುದು ಸ್ಟೈನರ್ ಅವರ ನಂಬಿಕೆ. ಚಿತ್ರ ತೋರಿಸಿದ್ದರೆ ತರಗತಿಗೆಲ್ಲ ಒಂದೇ ಕಾಡು. ಬರೀ ಕೇಳಿದರೆ ಒಂದೊಂದು ಮಗುವಿಗೂ ಅದರದೇ ಕಾಡು, ಅದರದೇ ಕತ್ತಲೆ. ಅಲ್ಲಿನ ಬಟ್ಟೆಗೊಂಬೆಗಳ ಮುಖದಲ್ಲೂ ಕಣ್ಣು ಬಾಯಿ ಇದ್ದೂ ಇಲ್ಲದಂತೆ. ಅಳುವೋ ನಗುವೋ, ಮಗುವೇ ಕೊಡಬೇಕು.

ಓದುಬರಹವೂ ಅವಸರವಿಲ್ಲದೆ ಬರುತ್ತದೆ. ಅಕ್ಷರಗಳು ಚಿತ್ರಗಳೊಳಗಿಂದ ಮೂಡುತ್ತವೆ, ಪಾಠದ ಪುಸ್ತಕವನ್ನು ಮಕ್ಕಳೇ ಬರೆದು ಬಣ್ಣ ಹಚ್ಚಿಕೊಳ್ಳುತ್ತಾರೆ. ಹುಡುಗರೂ ಹೆಣಿಗೆ ಕಲಿಯುತ್ತಾರೆ. ಈ ಕಲಿಕೆಗೆ ನಡುವೆ ಒಂದು ತಡೆಯೂ ಬಂತು: ನಾಜಿಗಳ ಕಾಲದಲ್ಲಿ, 1938ರಲ್ಲಿ, ಸ್ಟುಟ್‌ಗಾರ್ಟ್‌ನ ಶಾಲೆ ಮುಚ್ಚಿತು. ಯುದ್ಧ ಮುಗಿದ 1945ರಲ್ಲೇ ಮತ್ತೆ ತೆರೆಯಿತು.

ಸ್ಟೈನರ್ ಅವರ ಅಧ್ಯಾತ್ಮ ಚಿಂತನೆಯನ್ನೆಲ್ಲ ನಾನು ಒಪ್ಪಲಾರೆ. ಇನ್ನೊಂದು ಅಳುಕೂ ಇದೆ. ಈ ಶಾಲೆಗಳಲ್ಲಿ ಒಂದನೇ ತರಗತಿಯಲ್ಲಿ ಕೈಹಿಡಿದ ಶಿಕ್ಷಕರೇ ಸಾಮಾನ್ಯವಾಗಿ ಎಂಟನೆಯವರೆಗೂ ಜೊತೆಗಿರುತ್ತಾರೆ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಕೈಕುಲುಕಿ, ಹೆಸರು ಹಿಡಿದು ಕರೆದು ಒಳಗೆ ಬಿಡುತ್ತಾರೆ. ಶಿಕ್ಷಕರಿಗೂ ಮಗುವಿಗೂ ಹೊಂದಿಕೆಯಾಗದೆ ಹೋದರೆ ಎಂಟು ವರ್ಷ ಬಹಳ ದೀರ್ಘ. ಆದರೂ ಮಕ್ಕಳಿಗೆ ಅಂಥ ಒಬ್ಬರು ಸಿಗಲಿ ಎಂದೇ ನನ್ನ ಆಸೆ. ಆರರ ವಯಸ್ಸಿನಲ್ಲಿ ಯಾವ ರಾಕ್ಷಸನಿಗೆ ಈ ಹುಡುಗ ಹೆದರಿದ್ದ ಎಂದು ಬಲ್ಲವರು, ಹದಿಮೂರರಲ್ಲಿ ಬೀಜಗಣಿತದ ಮುಂದೆ ಅವನು ತಲೆತಗ್ಗಿಸಿ ಕೂತರೆ ಅದನ್ನು ಸೋಮಾರಿತನ ಎನ್ನಲಾರರು.