ಚೀಟಿ ಎತ್ತಿದ ಮೇಲಿನ ಕರುಣೆ

ಮಕ್ಕಳಿಗೆ ಕತೆ ಹೇಳುವುದು ಸುಲಭ. ಮಕ್ಕಳೇ ಪಾತ್ರವಾಗಿ ನಡೆಸುವ ಕತೆಗೆ ಯಜಮಾನರಾಗುವುದು ಬೇರೆಯೇ ಮಾತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಇಂಥದೊಂದು ಆಟ. ಒಬ್ಬರು ಸನ್ನಿವೇಶ ವಿವರಿಸುತ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಗೆದ್ದಿತೋ ಸೋತಿತೋ ಎಂಬುದನ್ನು 20 ಮುಖಗಳ ದಾಳ ತೀರ್ಮಾನಿಸುತ್ತದೆ. ದಾಳ ಎಂದೊಡನೆ ನಮ್ಮ ಮನೆಯ ಹಿರಿಯರ ಹುಬ್ಬು ಮೇಲೇರಿತು. ಪಣವಿಲ್ಲದಿದ್ದರೂ ದಾಳ ದಾಳವೇ ಎಂಬುದು ಅವರ ವಾದ. ಚೀಟಿಗೆ ಅವರ ತಕರಾರಿರಲಿಲ್ಲ. 1ರಿಂದ 20ರವರೆಗೆ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದೆವು. ಎತ್ತಿದ್ದನ್ನು ಮತ್ತೆ ಡಬ್ಬಿಗೆ ಹಾಕಿದರೆ ಲೆಕ್ಕ ಒಂದೇ.

ಆಡಲು ಕೂತವರು ಯಾದಗಿರಿಯ ನಾಲ್ಕು ಮಕ್ಕಳು. ಕತೆಯ ಕಾಲ 1858ರ ಫೆಬ್ರುವರಿ. ಬ್ರಿಟಿಷ್ ಸೈನ್ಯ ಸುರಪುರಕ್ಕೆ ಬಂದಿದೆ, ರಾಜಾ ವೆಂಕಟಪ್ಪ ನಾಯಕನಿಗೆ ಪತ್ರವೊಂದನ್ನು ಮುಟ್ಟಿಸಬೇಕು. ಹೊಸಬರಾದ ನಾವು ಎರಡು ರಾತ್ರಿ ಕೂತು, ಭೀಮಾ ದಾಟಿಸಲು ಗುಟ್ಟುಗಳ ಮೂಟೆಯಂಥ ಅಂಬಿಗನೊಬ್ಬನನ್ನು ಸೃಷ್ಟಿಸಿದ್ದೆವು. “ಈ ದಿನದಾಗ ಹೊಳ್ಯಾಗ ನೀರು ಎಲ್ಲೈತ್ರಿ? ನಡಕೋತ ಹೋಗ್ತೀವಿ” ಎಂದು ಮಕ್ಕಳು ದಾಟಿಯೇ ಬಿಟ್ಟರು. ಅಂಬಿಗ ನಮ್ಮ ನೋಟ್‌ಬುಕ್ಕಿನಲ್ಲೇ ಉಳಿದ. ಶಹಾಪುರದಲ್ಲಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಬಳಿ ರಾತ್ರಿ ಕಳೆದು ಸುರಪುರ ತಲುಪಿದರು.

ಅಲ್ಲಿ ಎಲ್ಲರಿಗಿಂತ ಚಿಕ್ಕವಳು ಮಜ್ಜಿಗೆ ಮಾರುವವಳ ವೇಷದಲ್ಲಿ ಕಾವಲು ದಾಟಬೇಕಿತ್ತು. ಬೇಕಾದದ್ದು 12, ಬಂದದ್ದು 3. ಚೀಟಿ ನೋಡುವವರು ನಾವೊಬ್ಬರೇ. ಅವಳ ಮುಖ ನೋಡಿ ‘13’ ಎಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಚಾಪೆಯ ಮೇಲೆ ಬಿದ್ದಿದ್ದ ಆ ಚೀಟಿ ಅವಳ ಕೈಗೇ ಸಿಕ್ಕಿತು. “ಎಲ್ಲಾ ನೀವೇ ಮಾಡೋದಿದ್ರ ನಮ್ಗ ಯಾಕ ಕೂಡ್ಸೀರಿ?” ಎಂದಳು.

ಇದರಲ್ಲಿ ತಪ್ಪೇನು? ಇಂಥ ಆಟ ನಡೆಸಿ ಪಳಗಿದವರಲ್ಲೂ ಹಲವರು ಮರೆಯಲ್ಲಿ ದಾಳ ಎಸೆದು, ಆಟ ಕೆಡಬಾರದೆಂದು ಅಂಕಿ ತಿದ್ದುತ್ತಾರೆ. ನಮ್ಮ ಉದ್ದೇಶವೂ ಒಳ್ಳೆಯದೇ ಆಗಿತ್ತು. ಆದರೆ ಕರುಣೆ ತೋರಿಸಲೇಬೇಕಿದ್ದರೆ ಚೀಟಿ ಎತ್ತುವ ಮೊದಲೇ ತೋರಿಸಬಹುದಿತ್ತು. ‘ನಿನಗೆ 12 ಬೇಡ, 8 ಸಾಕು’ ಎಂದು ಎಲ್ಲರೆದುರು ಹೇಳಿದ್ದರೆ ಅದು ನಿಯಮವಾಗುತ್ತಿತ್ತು, ಬೇಡವೆನ್ನುವ ಹಕ್ಕೂ ಅವಳಿಗಿರುತ್ತಿತ್ತು. ಗುಟ್ಟಾಗಿ ಕೊಟ್ಟ ಗೆಲುವಿನಲ್ಲಿ ಅವಳದೆಂಬುದು ಏನೂ ಇರಲಿಲ್ಲ.

ಸುರಪುರದ ಮಟ್ಟಿಗೆ ಇದು ಬರೀ ಆಟದ ಮಾತಲ್ಲ. ಬಾಲಕ ವೆಂಕಟಪ್ಪನ ಹೆಸರಿನಲ್ಲಿ 1853ರವರೆಗೆ ಅಲ್ಲಿಯ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಟೇಲರನ ಪ್ರೀತಿ ಸುಳ್ಳೆಂದು ನಮಗನ್ನಿಸುವುದಿಲ್ಲ. ಆದರೆ ಹುಡುಗನ ಹಿತ ಯಾವುದೆಂದು ತೀರ್ಮಾನಿಸುವ ಅಧಿಕಾರ ಹುಡುಗನ ಕೈಯಲ್ಲಿರಲಿಲ್ಲ. ಬೆಳೆದು ತಾನೇ ತೀರ್ಮಾನಿಸಿದಾಗ ಅವನು ಬ್ರಿಟಿಷರ ಎದುರು ನಿಂತ. 1858ರಲ್ಲಿ ಸೆರೆಯಾಗಿ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿಗೆ ಸತ್ತ.

ನಾವು ತಪ್ಪೊಪ್ಪಿಕೊಂಡು, ಇನ್ನೊಮ್ಮೆ ಚೀಟಿ ಎತ್ತು ಎಂದೆವು. “ಬ್ಯಾಡ್ರಿ, ಸಿಕ್ಕಿಬಿದ್ಳು ಅಂತ ಬರ್ಕೋರಿ” ಎಂದಳು. ಉಳಿದ ಮೂವರು ಅವಳನ್ನು ಬಿಡಿಸುವ ಉಪಾಯ ಹೂಡುತ್ತ ಮಗ್ರಿಬ್‌ವರೆಗೂ ಏಳಲಿಲ್ಲ. ಏಳುವಾಗ ಒಬ್ಬ ಕೇಳಿದ: “ಪತ್ರ ಮುಟ್ಟಿದ್ರ ರಾಜಾ ಉಳೀತಾನೇನ್ರಿ?”

‘ಗೊತ್ತಿಲ್ಲ’ ಎಂದೆವು. ಈ ಸಲ ಅದು ನಿಜವಾಗಿತ್ತು.