ಒಳ್ಳೆಯ ಧಣಿಯ ಆಳು ಸ್ವತಂತ್ರನೇ?

ಸಿರುಗುಪ್ಪದ ಭತ್ತದ ಸೀಮೆಯಲ್ಲೋ ಕುರುಗೋಡಿನ ಎರೆಹೊಲಗಳ ಕಡೆಯಲ್ಲೋ ಇರುವ ಒಬ್ಬ ಜೀತದಾಳನ್ನು ಊಹಿಸಿಕೊಳ್ಳಿ. ಮಗಳ ಮದುವೆಗೆಂದು ಸಾವುಕಾರನ ಹತ್ತಿರ ಸಾಲ ಮಾಡಿದ್ದಾನೆ. ಅದು ತೀರುವ ತನಕ ಅವನ ಮನೆಯಲ್ಲೇ ದುಡಿಯಬೇಕು. ಲೆಕ್ಕವೆಲ್ಲ ಸಾವುಕಾರನ ಪುಸ್ತಕದಲ್ಲಿ. ಯುಗಾದಿಯಿಂದ ಯುಗಾದಿಗೆ ಅದು ಕರಗುವುದಿರಲಿ, ಬೆಳೆಯುತ್ತಲೇ ಹೋಗುತ್ತದೆ. ಆದರೆ ಈ ಸಾವುಕಾರ ಕೆಟ್ಟ ಮನುಷ್ಯನೇನಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾನೆ, ಜ್ವರ ಬಂದರೆ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸುತ್ತಾನೆ. ‘ನಮ್ಮ ಧಣಿ ದೇವರಂಥೋರು’ ಎಂದು ಆಳೇ ಹೇಳುತ್ತಾನೆ. ಹಾಗಾದರೆ ಈ ಆಳು ಸ್ವತಂತ್ರನೇ?

ಅಲ್ಲ ಎಂದು ಥಟ್ಟನೆ ಹೇಳಿಬಿಡಬಹುದು. ಯಾಕಲ್ಲ ಎಂದು ವಿವರಿಸಹೊರಟಾಗ ತೊಡಕು ಎದುರಾಗುತ್ತದೆ. ಸ್ವಾತಂತ್ರ್ಯವೆಂದರೆ ನಮ್ಮ ದಾರಿಗೆ ಯಾರೂ ಅಡ್ಡ ಬರದಿರುವುದು ಎಂಬುದು ಬಹಳ ಜನ ಒಪ್ಪುವ ವಿವರಣೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ಹಾಬ್ಸ್ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಐಸಾಯಾ ಬರ್ಲಿನ್ ಸ್ವಾತಂತ್ರ್ಯದ ಎರಡು ಕಲ್ಪನೆಗಳ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಇದನ್ನು ಇನ್ನಷ್ಟು ಹದಗೊಳಿಸಿದರು. ಈ ಅಳತೆಗೋಲು ಹಿಡಿದು ನೋಡಿದರೆ ಅಡ್ಡಬರದ ಧಣಿಯ ಆಳು ಸಾಕಷ್ಟು ಸ್ವತಂತ್ರನೆಂದೇ ಆಗುತ್ತದೆ. ಉದಾರಮನಸ್ಸಿನ ಸರ್ವಾಧಿಕಾರಿಯ ಕೈಕೆಳಗೂ ಪ್ರಜೆಗಳಿಗೆ ಬೇಕಾದಷ್ಟು ಸ್ವಾತಂತ್ರ್ಯ ಇರಬಹುದೆಂದು ಬರ್ಲಿನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು.

ಇಲ್ಲಿ ಏನೋ ತಪ್ಪಿದೆ ಎಂದವರಲ್ಲಿ ಮುಖ್ಯರು ತತ್ತ್ವಶಾಸ್ತ್ರಜ್ಞ ಫಿಲಿಪ್ ಪೆಟಿಟ್ ಮತ್ತು ಇತಿಹಾಸಕಾರ ಕ್ವೆಂಟಿನ್ ಸ್ಕಿನ್ನರ್. 1990ರ ದಶಕದ ಕೊನೆಯಲ್ಲಿ ಇಬ್ಬರೂ ರೋಮನ್ ಕಾನೂನಿನ ಹಳೆಯದೊಂದು ತಿಳಿವನ್ನು ಮತ್ತೆ ಮುಂದಕ್ಕೆ ತಂದರು. ಯಾರು ಇನ್ನೊಬ್ಬರ ಇಷ್ಟಾನಿಷ್ಟದ ಅಧೀನದಲ್ಲಿ ಬದುಕುತ್ತಾರೋ ಅವರು ಗುಲಾಮರು. ಚಾವಟಿ ಬೀಳಲಿ, ಬೀಳದಿರಲಿ. ಧಣಿ ಅಡ್ಡಬರುತ್ತಿದ್ದಾನೆಯೇ ಎಂಬುದು ಮುಖ್ಯವಲ್ಲ. ಮನಸ್ಸಾದಾಗ, ಯಾರಿಗೂ ಉತ್ತರ ಹೇಳದೆ, ಅವನು ಅಡ್ಡಬರಬಲ್ಲನೇ ಎಂಬುದೇ ಪ್ರಶ್ನೆ. ಈ ಬಗೆಯ ಸ್ವಾತಂತ್ರ್ಯವನ್ನು ಅನಧೀನತೆ ಎನ್ನೋಣ.

ಅಧೀನ ಬದುಕು ಬಾಯಿ, ಕಣ್ಣು, ಬೆನ್ನುಗಳನ್ನೂ ತಿದ್ದುತ್ತದೆ. ಧಣಿಯ ಮುಖ ನೋಡಿ ಮಾತಾಡುವುದು, ಕೇಳುವ ಮೊದಲೇ ಹೊಗಳುವುದು, ಅವನು ಎದುರಾದರೆ ಹೆಗಲ ಮೇಲಿನ ಟವೆಲ್ ಇಳಿಸುವುದು, ಇವನ್ನೆಲ್ಲ ಯಾರೂ ಬಲವಂತದಿಂದ ಮಾಡಿಸಬೇಕಾಗಿಲ್ಲ. ‘ದೇವರಂಥೋರು’ ಎಂಬ ಹೊಗಳಿಕೆಯಲ್ಲೇ ಅಧೀನತೆಯ ಸಾಕ್ಷಿ ಇದೆ. ದೇವರು ಮುನಿದರೆ ಯಾರ ಹತ್ತಿರ ದೂರು ಕೊಡುವುದು?

ಒಳ್ಳೆಯತನದ ಮೇಲೆ ನಿಂತ ಬಿಡುವು ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಫ್ರೆಡ್ರಿಕ್ ಡಗ್ಲಸ್‌ನ ಬಾಲ್ಯವನ್ನೇ ನೋಡಬಹುದು. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಈ ಹುಡುಗನಿಗೆ ಬಾಲ್ಟಿಮೋರಿನ ಮನೆಯೊಡತಿ ಸೋಫಿಯಾ ಆಲ್ಡ್ ಅಕ್ಕರೆಯಿಂದ ಅಕ್ಷರ ಕಲಿಸತೊಡಗಿದಳು. ಗಂಡ ಒಂದು ಮಾತು ಹೇಳಿದ್ದೇ ತಡ, ಪಾಠ ನಿಂತಿತು. ಮುಂದೆ ಅವಳೇ ಅವನ ಕೈಯಲ್ಲಿ ಪತ್ರಿಕೆ ಕಂಡರೆ ಸಿಡುಕುವವಳಾದಳು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಓದಿದವರಿಗೆ ಇದು ಪರಿಚಿತ ಕಥೆ. ಧಣಿ ಸಂಕಪ್ಪಯ್ಯ ಕಟುಕನಲ್ಲ, ತನ್ನ ಆಳು ಚೋಮನಿಗೆ ತುಂಡು ಭೂಮಿ ಕೊಡುವ ಮನಸ್ಸು ಅವನಿಗಿಲ್ಲದೆಯೂ ಇಲ್ಲ. ಅವನ ತಾಯಿ ಬೇಡವೆನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಚೋಮನ ಜನ್ಮದ ಆಸೆ ಇನ್ನೊಬ್ಬರ ಮನೆಯ ಜಗಲಿಯಲ್ಲಿ ತೀರ್ಮಾನವಾಗುತ್ತದೆ. ಅನಧೀನತೆ ಎಂದರೇನೆಂದು ಕನ್ನಡದಲ್ಲಿ ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಒಳ್ಳೆಯ ಧಣಿಗಳ ಆಳುಗಳೇ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನೋಡಲು ಅಮೆರಿಕದ ಅಂತರ್ಯುದ್ಧಕ್ಕೆ ಬರೋಣ. 1860ರ ಜನಗಣತಿಯ ಪ್ರಕಾರ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು, ಬಹುಪಾಲು ದಕ್ಷಿಣದ ಹತ್ತಿ ಸೀಮೆಯಲ್ಲಿ. ಲಿಂಕನ್ ಅಧ್ಯಕ್ಷನಾಗಿ ಆರಿಸಿ ಬಂದದ್ದೇ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟವು. 1861ರ ಏಪ್ರಿಲ್‌ನಲ್ಲಿ ಗುಂಡು ಹಾರಿತು. ಉತ್ತರದಲ್ಲಿ ಜನ ಹೆಚ್ಚು, ಕಾರ್ಖಾನೆ ಹೆಚ್ಚು, ರೈಲು ಹೆಚ್ಚು, ನೌಕಾಪಡೆಯೂ ಅವರದೇ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್‌ನಲ್ಲಿ, 1864ರಲ್ಲಿ ಅಟ್ಲಾಂಟಾದಲ್ಲಿ ಉತ್ತರದ ಗೆಲುವು, 1865ರ ಏಪ್ರಿಲ್ 9ರಂದು ದಕ್ಷಿಣದ ಜನರಲ್ ಲೀಯ ಶರಣಾಗತಿ. ಶಾಲೆಯ ಪುಸ್ತಕದ ಕಥೆ ಇಷ್ಟು.

ಆದರೆ ಗೆಲುವಿನ ಇನ್ನೊಂದು ಎಳೆ ಯುದ್ಧ ಶುರುವಾದ ತಿಂಗಳೊಪ್ಪತ್ತಿನಲ್ಲೇ ಬಿಚ್ಚಿಕೊಂಡಿತ್ತು. 1861ರ ಮೇ ತಿಂಗಳ ಒಂದು ರಾತ್ರಿ ಮೂವರು ಗುಲಾಮರು ದೋಣಿ ಹತ್ತಿ ವರ್ಜೀನಿಯಾ ಕರಾವಳಿಯ ಫೋರ್ಟ್ ಮನ್ರೋ ಕೋಟೆಗೆ ಬಂದು ಒಕ್ಕೂಟದ ಸೈನ್ಯದ ಮೊರೆಹೊಕ್ಕರು. ಮಾರನೆಯ ದಿನ ದಕ್ಷಿಣದ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದ: ಕಾನೂನಿನ ಪ್ರಕಾರ ಓಡಿಬಂದ ಗುಲಾಮರನ್ನು ಹಿಂದಕ್ಕೆ ಕೊಡಬೇಕು. ಕೋಟೆಯ ಜನರಲ್ ಬಟ್ಲರ್ ವೃತ್ತಿಯಿಂದ ವಕೀಲ. ‘ನೀವು ಬೇರೆ ದೇಶವೆನ್ನುತ್ತೀರಿ, ನಮ್ಮ ಕಾನೂನು ನಿಮಗೇಕೆ? ಇವರನ್ನು ಶತ್ರುವಿನ ಯುದ್ಧಸಾಮಗ್ರಿಯೆಂದು ಜಪ್ತಿ ಮಾಡಿದ್ದೇನೆ’ ಎಂಬರ್ಥದ ವಾದ ಹೂಡಿದ. ಬಿಡಿಸುವ ಹೊತ್ತಿನಲ್ಲೂ ಅವರನ್ನು ಸಾಮಾನೆಂದೇ ಕರೆಯಬೇಕಾಯಿತು! ಸುದ್ದಿ ಹಬ್ಬಿತು, ಜನ ಗುಂಪುಗುಂಪಾಗಿ ಬರತೊಡಗಿದರು. ಯುದ್ಧ ಮುಗಿಯುವ ವೇಳೆಗೆ ಹೀಗೆ ತೋಟ ಬಿಟ್ಟು ಒಕ್ಕೂಟದ ಸೇನೆಯ ಕಡೆ ನಡೆದವರು ಸುಮಾರು ಐದು ಲಕ್ಷವೆಂದು ಅಂದಾಜು. 1863ರ ಜನವರಿ 1ರ ವಿಮೋಚನಾ ಘೋಷಣೆಯ ನಂತರ ಸುಮಾರು 1.8 ಲಕ್ಷ ಕಪ್ಪುಜನ ಸಮವಸ್ತ್ರ ತೊಟ್ಟು ಹೋರಾಡಿದರು. ದಕ್ಷಿಣದ ಹೊಲ ಪಾಳುಬಿತ್ತು, ಉತ್ತರದ ಸೈನ್ಯ ಬೆಳೆಯಿತು. ಇದನ್ನು ಇತಿಹಾಸಕಾರ ಡುಬಾಯ್ಸ್ 1935ರ ತಮ್ಮ ಗ್ರಂಥದಲ್ಲಿ ಸಾರ್ವತ್ರಿಕ ಮುಷ್ಕರವೆಂದು ಕರೆದರು. ಓಡಿಹೋದವರಲ್ಲಿ ಒಳ್ಳೆಯ ಧಣಿಗಳ ಆಳುಗಳೂ ಇದ್ದರು. ಮನೆಮಗನಂತೆ ನೋಡಿಕೊಂಡೆವಲ್ಲ ಎಂದು ಆ ಧಣಿಗಳು ಕಂಗಾಲಾದರು. ಪೆಟಿಟ್ ಪುಸ್ತಕ ಬರೆಯುವ ನೂರಮೂವತ್ತು ವರ್ಷ ಮೊದಲೇ ಅವರ ಆಳುಗಳು ತರ್ಕವನ್ನು ಮುಗಿಸಿ ನಡೆದಿದ್ದರು.

ಈ ಯುದ್ಧದ ಬಿಸಿ ಬಳ್ಳಾರಿಗೂ ತಟ್ಟಿತು. ತಮ್ಮ ಹತ್ತಿಯಿಲ್ಲದೆ ಇಂಗ್ಲೆಂಡಿನ ಗಿರಣಿಗಳು ನಿಲ್ಲುತ್ತವೆ, ಬ್ರಿಟನ್ ತಮ್ಮ ಪಕ್ಷಕ್ಕೆ ಬಂದೇ ಬರುತ್ತದೆ ಎಂಬುದು ದಕ್ಷಿಣದ ಲೆಕ್ಕಾಚಾರ. ಲ್ಯಾಂಕಾಶೈರಿನ ನೇಕಾರರು ಹಸಿದದ್ದು ನಿಜ. ಆದರೆ ಬ್ರಿಟಿಷರು ಭಾರತದ ಹತ್ತಿಯತ್ತ ತಿರುಗಿದರು. ಮದ್ರಾಸ್ ಪ್ರಾಂತ್ಯದ ಹತ್ತಿ ಜಿಲ್ಲೆಗಳಲ್ಲಿ ಬಳ್ಳಾರಿ ಮುಂಚೂಣಿಯದು. ಧಾರವಾಡದಂತೆ ಇಲ್ಲಿಯ ಎರೆಹೊಲದ ಹತ್ತಿಗೂ ಬೆಲೆ ಏರಿತು. (ಬಳ್ಳಾರಿಯ ಹತ್ತಿ ಲಿಂಕನ್‌ನನ್ನು ಗೆಲ್ಲಿಸಿತೆಂದು ನಾನು ಹೇಳುತ್ತಿಲ್ಲ; ಊರಭಿಮಾನಕ್ಕೂ ಒಂದು ಮಿತಿ ಇದೆ.) 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. 1876–78ರ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕ್ಷಾಮದಲ್ಲಿ ಬಡವನ ಕೈಯಲ್ಲಿ ಒತ್ತೆಯಿಡಲು ಉಳಿಯುವುದು ಅವನ ಮೈಯೊಂದೇ.

ಆ ಹೊತ್ತಿಗೆ ಇಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಇರಲೇ ಇಲ್ಲ. 1843ರ 5ನೇ ಕಾಯ್ದೆ ಬಂದಾಗಿತ್ತು. ‘ಇವನು ನನ್ನ ಗುಲಾಮ’ ಎಂಬ ಹಕ್ಕನ್ನು ಯಾವ ಕೋರ್ಟೂ ಎತ್ತಿಹಿಡಿಯುವಂತಿಲ್ಲ ಎಂದು ಅದು ಹೇಳಿತು. ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎನ್ನಲಿಲ್ಲ. ಕೊಂಡು ಮಾರುವುದನ್ನು ಅಪರಾಧವಾಗಿಸಿದ್ದು 1860ರ ದಂಡಸಂಹಿತೆ. ಸಾಲವನ್ನು ಮಾತ್ರ ಯಾವುದೂ ಮುಟ್ಟಲಿಲ್ಲ. ಬಾಗಿಲು ತೆರೆದಿತ್ತು, ಹೊಸ್ತಿಲಾಚೆ ಕಾಲಿಡಲು ಆಳಿಗೆ ಭೂಮಿಯಿರಲಿಲ್ಲ, ಕೂಳಿರಲಿಲ್ಲ, ಸಾಲದ ಪುಸ್ತಕ ಮಾತ್ರ ಇತ್ತು.

ಅಮೆರಿಕದಲ್ಲೂ ಅದೇ ಆಯಿತು. 1865ರ ಜನವರಿ 12ರಂದು ಸವಾನಾ ನಗರದಲ್ಲಿ ಜನರಲ್ ಶರ್ಮನ್ ಮತ್ತು ಯುದ್ಧಮಂತ್ರಿ ಸ್ಟ್ಯಾಂಟನ್ 20 ಮಂದಿ ಕಪ್ಪು ಧರ್ಮಗುರುಗಳನ್ನು ಕರೆದು, ನಿಮಗೇನು ಬೇಕು ಎಂದು ಕೇಳಿದರು. ಎಲ್ಲರ ಪರವಾಗಿ ಉತ್ತರಿಸಿದವರು ಗ್ಯಾರಿಸನ್ ಫ್ರೇಜಿಯರ್, 67ರ ಮುದುಕ, ಸಾವಿರ ಡಾಲರ್ ತೆತ್ತು ತನ್ನನ್ನೂ ಹೆಂಡತಿಯನ್ನೂ ಬಿಡಿಸಿಕೊಂಡವರು. ನಮಗೆ ಭೂಮಿ ಬೇಕು, ನಮ್ಮ ದುಡಿಮೆಯಿಂದ ಅದನ್ನು ಉಳಬೇಕು ಎಂದರು. ಚೋಮ ಕೇಳಿದ್ದೂ ಇದನ್ನೇ ಅಲ್ಲವೇ? ನಾಲ್ಕೇ ದಿನದಲ್ಲಿ ಶರ್ಮನ್ ಕುಟುಂಬಕ್ಕೆ 40 ಎಕರೆವರೆಗೆ ಹಂಚುವ ಆದೇಶ ಹೊರಡಿಸಿದ. ಲಿಂಕನ್‌ನ ಕೊಲೆಯ ನಂತರ ಬಂದ ಆಂಡ್ರೂ ಜಾನ್ಸನ್ ಅದೇ ವರ್ಷ ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದ. ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಅಳಿಸಿತು. ಬಿಡುಗಡೆಯಾದವರು ಪಾಲಿಗೆ ಉಳುವ ಒಕ್ಕಲಾಗಿ, ಒಡೆಯನ ಅಂಗಡಿಯ ಸಾಲದಲ್ಲಿ ಮತ್ತೆ ಸಿಕ್ಕಿಬಿದ್ದರು. ಈ ಬಿಡುಗಡೆಯನ್ನು ಕಂಡು ಸಂತೋಷಪಟ್ಟ ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ ಕಾಲಕ್ಕೆ ಅದರ ಸೋಲೂ ಗೊತ್ತಾಗಿತ್ತು. 1936ರಲ್ಲಿ ಜಾತಿವಿನಾಶದ ಬಗ್ಗೆ ಬರೆಯುತ್ತ ಅವರು ಗುಲಾಮಗಿರಿಯನ್ನು ಕಾನೂನಿನ ಮಾಲೀಕತ್ವಕ್ಕೆ ಸೀಮಿತಗೊಳಿಸಲಿಲ್ಲ; ತನ್ನ ನಡೆಯ ಗುರಿಯನ್ನು ಇನ್ನೊಬ್ಬರಿಂದ ಪಡೆಯಬೇಕಾದ ಸ್ಥಿತಿಯೆಲ್ಲ ಗುಲಾಮಗಿರಿಯೇ ಎಂಬುದು ಅವರ ವಾದ.

ನಮ್ಮ ಕಾನೂನು ಈ ತಿಳಿವಿಗೆ ಬಂದದ್ದು ತಡವಾಗಿ, ಅದೂ ತುರ್ತುಪರಿಸ್ಥಿತಿಯ ಕಾಲದಲ್ಲಿ. ಸ್ವಾತಂತ್ರ್ಯಗಳನ್ನೆಲ್ಲ ಕಿತ್ತುಕೊಂಡ ಸರ್ಕಾರವೇ ಇದನ್ನು ಕೊಟ್ಟಿತೆಂಬುದು ವಿಚಿತ್ರ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತಗಾರನನ್ನು ಬಿಡಿಸಿ ಕೈತೊಳೆದುಕೊಳ್ಳಲಿಲ್ಲ. ಜೀತದ ಸಾಲವನ್ನೇ ಅಳಿಸಿತು, ಒತ್ತೆಯಿಟ್ಟ ಸೊತ್ತನ್ನು ಮರಳಿಸೆಂದಿತು, ಬಿಡುಗಡೆಯಾದವನನ್ನು ಅವನು ವಾಸವಿದ್ದ ಗುಡಿಸಿಲಿನಿಂದ ಎಬ್ಬಿಸುವಂತಿಲ್ಲ ಎಂದಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಸಿವಿನ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ.

ಹಾಗಾದರೆ ಸಂಬಳಕ್ಕೆ ದುಡಿಯುವ ಎಲ್ಲರೂ ಅಧೀನರೇ ಎಂಬ ಆಕ್ಷೇಪಣೆ ಬರುತ್ತದೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಯುವವನಿಗೂ ಮಾಲೀಕನಿದ್ದಾನೆ. ವ್ಯತ್ಯಾಸ ಇಷ್ಟೆ: ಬೇಡವೆನಿಸಿದರೆ ಅವನು ಬಿಟ್ಟುಹೋಗಬಲ್ಲನೇ, ಅನ್ಯಾಯವಾದರೆ ಮಾಲೀಕನನ್ನು ಕೇಳುವ ಮೂರನೆಯವರು ಇದ್ದಾರೆಯೇ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಅದು ನೌಕರಿ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು ದೂರದ ಕೆಲಸಕ್ಕೆ ಕುಟುಂಬ ಸಮೇತ ಹೋಗಿ, ಲೆಕ್ಕ ಚುಕ್ತಾ ಆಗದೆ ಹಬ್ಬಕ್ಕೂ ಊರಿಗೆ ಬರಲಾಗದವರು ಎರಡಕ್ಕೂ ಇಲ್ಲ ಎನ್ನಬೇಕಾಗುತ್ತದೆ. ಅವರನ್ನು ಯಾರೂ ಜೀತಗಾರರೆಂದು ಕರೆಯುವುದಿಲ್ಲ ಎಂಬುದರಿಂದ ಏನೂ ಬದಲಾಗುವುದಿಲ್ಲ.

ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ‘ಮುಂಗಡ ತೀರಿಸದೆ ಹೋಗುವಂತಿಲ್ಲ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದರೆ ಬಳ್ಳಾರಿಯ ಉಪವಿಭಾಗಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಬರೆದುಕೊಡಿ. ಉಪವಿಭಾಗಕ್ಕೊಂದು ಜಾಗೃತ ಸಮಿತಿ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಕೇಂದ್ರ ಯೋಜನೆಯಂತೆ ಬಿಡುಗಡೆಯಾದ ಗಂಡಾಳಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ತೀರ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ನೆರವಿದೆ. ಆ ಮುಂಗಡ ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದೇ.