ನ್ಯಾಸ, ಲೆಕ್ಕ ಮತ್ತು ಉಗ್ರಾಣ

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಶ್ರಾವಕರು ಬಾಲ್ಯದಿಂದ ಕೇಳಿಬಂದಿರುವ ಈ ಪಟ್ಟಿಯಲ್ಲಿ ಒಂದು ವಿಶೇಷವಿದೆ. ಇವುಗಳ ಪೈಕಿ ಎರಡರಲ್ಲಿ ಸುಳ್ಳಿನ ಲವಲೇಶವೂ ಇರಬೇಕಾಗಿಲ್ಲ. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಚರ್ಯೆ, ಇಂಗಿತಗಳಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ ಅದನ್ನು ಹೊರಗೆಡಹುವುದು ಸಾಕಾರಮಂತ್ರಭೇದ. ಆಡಿದ ಮಾತು ನಿಜವೇ ಆಗಿದ್ದರೂ ವ್ರತಕ್ಕೆ ಮಲಿನತೆ ತಗಲುತ್ತದೆ. ಅಂದರೆ ಒಂದು ಸಂಗತಿ ಸತ್ಯವೆಂಬ ಮಾತ್ರದಿಂದಲೇ ಅದನ್ನು ಕೂಡಿಡುವ, ಹೊರತೆಗೆಯುವ, ಬಳಸುವ ಹಕ್ಕು ಯಾರಿಗೂ ಒದಗಿಬರುವುದಿಲ್ಲ. ಈ ಸೂಕ್ಷ್ಮವನ್ನು ಇಂದಿನ ಲೆಕ್ಕಪತ್ರದ ಜಗತ್ತಿಗೆ ಅನ್ವಯಿಸಿ ನೋಡುವ ಸಂದರ್ಭವೊಂದು ನಮ್ಮ ನಾಡಿನಲ್ಲಿಯೇ ಒದಗಿತು.

2025ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಯುಪಿಐ ಸೇವೆ ನೀಡುವ ಸಂಸ್ಥೆಗಳಿಂದ 2021-22ರಿಂದ ಮುಂದಿನ ವರ್ಷಗಳ ಪಾವತಿ ವಿವರಗಳನ್ನು ತರಿಸಿಕೊಂಡು, ವರ್ಷಕ್ಕೆ ಸರಕಿನ ವ್ಯಾಪಾರದಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಗಳ ಮಿತಿಯನ್ನು ದಾಟಿದ, ಜಿಎಸ್‌ಟಿ ನೋಂದಣಿ ಇಲ್ಲದ ಹೆಸರುಗಳನ್ನು ಅದು ಆರಿಸಿತ್ತು. ಹೊನ್ನಾಳಿಗೆ ನೆರೆಯ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ ನಾಲ್ಕು ವರ್ಷಗಳಲ್ಲಿ ಸುಮಾರು 1.63 ಕೋಟಿ ರೂಪಾಯಿ ಜಮೆಯಾಗಿದೆಯೆಂದು 29 ಲಕ್ಷದ ತೆರಿಗೆ ಬೇಡಿಕೆ ಬಂದಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅನೇಕ ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಮಾಯವಾದವು. ‘ನಗದು ಮಾತ್ರ’ ಎಂಬ ಚೀಟಿಗಳು ತೂಗಿದವು.

ಇಲ್ಲಿ ಯಂತ್ರದ ನಡೆಯನ್ನು ಕೊಂಚ ಅರಿಯಬೇಕು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಹತ್ತು ರೂಪಾಯಿಯ ಕೊತ್ತಂಬರಿ ಕೊಂಡರೂ ಒಂದು ಸಾಲು ಹುಟ್ಟುತ್ತದೆ. ಕೊಟ್ಟವರಾರು, ಪಡೆದವರಾರು, ಎಷ್ಟು, ಎಷ್ಟು ಹೊತ್ತಿಗೆ ಎಂಬುದು ಅದರಲ್ಲಿರುತ್ತದೆ. ಆ ಸಾಲು ಒಂದೆಡೆ ನಿಲ್ಲುವುದಿಲ್ಲ. ಕೊಟ್ಟವನ ಬ್ಯಾಂಕು, ಪಡೆದವನ ಬ್ಯಾಂಕು, ನಡುವಣ ರಾಷ್ಟ್ರೀಯ ಪಾವತಿ ನಿಗಮ, ಮೊಬೈಲಿನ ಆ್ಯಪ್ ನಡೆಸುವ ಕಂಪನಿ ಎಲ್ಲರಲ್ಲಿಯೂ ಅದರ ಗುರುತು ಉಳಿಯುತ್ತದೆ. ಇಂಥ ಸಾಲುಗಳನ್ನು ಹಲವು ಮೂಲಗಳಿಂದ ಸೆಳೆದು ಒಂದೇ ಅಚ್ಚಿಗೆ ಹೊಂದಿಸಿ ತುಂಬಿಡುವ ಸ್ಥಳವನ್ನು ದತ್ತಾಂಶ ಉಗ್ರಾಣವೆನ್ನುತ್ತಾರೆ. ಒಮ್ಮೆ ಕೊಳವೆ ಜೋಡಿಸಿದರೆ ಸಾಕು, ಮುಂದಿನದು ತಾನಾಗಿ ಹರಿದುಬರುತ್ತದೆ. ಹಗೇವಿಗೆ ಧಾನ್ಯ ತುಂಬುವವನಿಗೆ ಹಗೇವಿನ ಆಳವಾದರೂ ತಿಳಿದಿರುತ್ತಿತ್ತು. ಈ ಉಗ್ರಾಣಕ್ಕೆ ತಳವೇ ಇಲ್ಲವೆಂದರೂ ಸಲ್ಲುತ್ತದೆ.

ಆದರೆ ಸಾಲುಗಳ ಮೊತ್ತವು ವ್ಯಾಪಾರದ ಮೊತ್ತವೇ? ಅಣ್ಣ ತಮ್ಮನಿಗೆ ಕಳುಹಿಸಿದ ಕೈಸಾಲ, ಮಗಳ ಶಾಲಾ ಶುಲ್ಕಕ್ಕೆಂದು ಬಂದ ಹಣ, ಪರಿಚಯದ ಗಿರಾಕಿಗೆ ನಗದು ಕೊಟ್ಟು ಅದರ ಬದಲು ಖಾತೆಗೆ ಹಾಕಿಸಿಕೊಂಡದ್ದು ಎಲ್ಲವೂ ಉಗ್ರಾಣದಲ್ಲಿ ಒಂದೇ ಬಣ್ಣದ ಕಾಳುಗಳು. ಲಾಭವೆಷ್ಟು, ಮಾಲಿನ ಅಸಲೆಷ್ಟು, ಸರಕು ತೆರಿಗೆಯದೋ ವಿನಾಯಿತಿಯದೋ ಎಂಬುದನ್ನು ಆ ಸಾಲು ಹೇಳಲಾರದು. ನಮ್ಮ ಆಚಾರ್ಯರು ಇಂಥದನ್ನು ನಯವೆಂದು ಕರೆದರು: ವಸ್ತುವಿನ ಒಂದು ಮುಖವನ್ನು ಕಾಣಿಸುವ ದೃಷ್ಟಿ. ನಯವು ಮಿಥ್ಯೆಯಲ್ಲ, ತಾನೇ ಪೂರ್ಣವೆಂದು ಉಳಿದ ಮುಖಗಳನ್ನು ತಳ್ಳಿಹಾಕಿದಾಗ ಅದು ದುರ್ನಯವಾಗುತ್ತದೆ. ನೋಟಿಸು ಎಂಬುದು ವಿವರಣೆ ಕೇಳುವ ಪತ್ರವೇ ಹೊರತು ತೀರ್ಪಲ್ಲವೆಂಬ ಸಮಾಧಾನ ನ್ಯಾಯಾಲಯದ ಭಾಷೆಯಲ್ಲಿ ಸರಿಯಿರಬಹುದು. ದಿನಕ್ಕೆ ಐದುನೂರು ರೂಪಾಯಿ ಉಳಿಸುವವನ ಕೈಗೆ 29 ಲಕ್ಷದ ಕಾಗದವಿತ್ತು ‘ಇದು ಕೇವಲ ಪ್ರಶ್ನೆ’ ಎನ್ನುವುದರಲ್ಲಿ ಪ್ರಮಾದವಿದೆ, ಮತ್ತು ಪ್ರಮಾದದಿಂದಾಗುವ ನೋವನ್ನು ನಮ್ಮ ಶಾಸ್ತ್ರವು ಹಿಂಸೆಯೆಂದೇ ಎಣಿಸಿದೆ.

ಇಷ್ಟು ಹೇಳಿ ವ್ಯಾಪಾರಿಯ ಬೆನ್ನು ತಟ್ಟಿ ಮುಗಿಸುವುದು ಸುಲಭ, ಅದು ನ್ಯಾಯವಾಗದು. ಅದೇ ಐದರ ಪಟ್ಟಿಯಲ್ಲಿ ಕೂಟಲೇಖವೂ ಇದೆ. ಅಸ್ತೇಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವಿದೆ, ರಾಜ್ಯದ ಕಟ್ಟಳೆಯನ್ನು ಮೀರಿ ನಡೆಸುವ ವ್ಯವಹಾರ. ಫಲಕ ಕಿತ್ತವರಲ್ಲಿ ಹೆದರಿ ಕಿತ್ತವರಿದ್ದರು. ವರ್ಷಗಟ್ಟಲೆ ಎರಡು ಲೆಕ್ಕವಿಟ್ಟು ಈಗ ಸಿಕ್ಕಿಬಿದ್ದೆವೆಂದು ಕಿತ್ತವರೂ ಇದ್ದಿರಲೇಬೇಕು. ಹೊರಗೆ ಎರಡೂ ಕ್ರಿಯೆ ಒಂದೇ ಬಗೆ, ಭಾವ ಬೇರೆ. ಕರ್ಮಬಂಧವು ಭಾವವನ್ನು ಅನುಸರಿಸುತ್ತದೆ. ಹಳೆಯ ಕಾಲದ ಲೆಕ್ಕ ಪವಿತ್ರವಾಗಿತ್ತೆಂಬ ಭ್ರಮೆಯೂ ಬೇಡ. ಮೆಕ್ಕೆಜೋಳ, ಅಡಿಕೆಗಳ ವಹಿವಾಟಿನ ನಮ್ಮ ಸೀಮೆಯ ದಲಾಲಿ ಅಂಗಡಿಗಳಲ್ಲಿ ಕಿರ್ದಿ, ಖಾತೆಗಳನ್ನು ದೀಪಾವಳಿಯಂದು ಪೂಜಿಸುತ್ತಿದ್ದರು. ಬರಿಯ ಹಾಳೆಗೆ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡ ಖಾತೆಗಳಿಗೂ ಅದೇ ಕುಂಕುಮ ಸಲ್ಲುತ್ತಿತ್ತು.

ಆದರೂ ಆ ಖಾತೆಗೂ ಈ ಉಗ್ರಾಣಕ್ಕೂ ಒಂದು ಅಂತರವಿದೆ. ಖಾತೆ ಬರೆದವನಿಗೆ ಯಾರು ಮದುವೆಗೆ ಸಾಲ ತೆಗೆದರು, ಯಾರು ಆಸ್ಪತ್ರೆಗೆ, ಯಾರು ಸೆರೆ ಅಂಗಡಿಯ ಬಾಕಿಗೆ ಎಂಬುದೆಲ್ಲ ಗೊತ್ತಿತ್ತು. ಅದನ್ನು ಆಡಿದರೆ ಮರುದಿನ ಅದೇ ಬೀದಿಯಲ್ಲಿ ಅವರ ಮುಖ ನೋಡಬೇಕಾಗಿತ್ತು. ಲಜ್ಜೆಯೇ ಅವನ ಬಾಯಿಗೆ ಬೀಗವಾಗಿತ್ತು. ಉಗ್ರಾಣಕ್ಕೆ ಲಜ್ಜೆಯಿಲ್ಲ. ಪ್ರತಿ ತಿಂಗಳು ಔಷಧದಂಗಡಿಗೆ ಸಂದ ಹಣದಿಂದ ರೋಗವನ್ನೂ, ತಿಂಗಳ ಕೊನೆಯ ಕೈಸಾಲಗಳಿಂದ ಬಡತನವನ್ನೂ ಊಹಿಸಬಲ್ಲ ಗಣಿತ ಇಂದು ಅಂಗಡಿ ಸರಕಾಗಿದೆ. ಸಾಲ ಮಾರುವ ಕಂಪನಿಗಳು ಅದನ್ನೇ ನೆಚ್ಚುತ್ತವೆ. ಸಾಕಾರಮಂತ್ರಭೇದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆಯನ್ನು ಪ್ರಾಚೀನ ಟೀಕಾಕಾರರು ಕಂಡಿರಲಾರರು.

ಪಾವತಿಯ ಸಾಲು ಯಾರದು? ನನ್ನ ಅಭಿಪ್ರಾಯದಲ್ಲಿ ಅದು ನ್ಯಾಸ, ಇಟ್ಟುಕೊಳ್ಳಲು ಒಪ್ಪಿಸಿದ ಒಡವೆ. ಹಣ ಮುಟ್ಟಿಸೆಂದು ಕೊಟ್ಟ ವಿವರವನ್ನು ಹಣ ಮುಟ್ಟಿಸಲು, ತಕರಾರು ಬಂದರೆ ಬಗೆಹರಿಸಲು ಇಟ್ಟುಕೊಳ್ಳಬಹುದು. ಕಾನೂನು ಕೇಳಿದಾಗ, ಕೇಳಿದಷ್ಟನ್ನು ಒದಗಿಸಬಹುದು. ತೆರಿಗೆಯಿಲ್ಲದೆ ರಾಜ್ಯ ನಡೆಯದು. ಅದರಾಚೆಗೆ, ಮುಂದೆಂದಾದರೂ ಉಪಯೋಗಕ್ಕೆ ಬಂದೀತೆಂದು ಎಲ್ಲವನ್ನೂ ಕೂಡಿಡುವುದು ಪರಿಗ್ರಹವೇ. ಗೃಹಸ್ಥನಿಗೆ ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಪರಿಮಾಣ ಗೊತ್ತುಮಾಡಿಕೊಳ್ಳೆಂದ ವ್ರತವು ಇತರರ ಜೀವನದ ವಿವರಗಳಿಗೆ ಪರಿಮಾಣ ಬೇಡವೆಂದೀತೆ? ನಮ್ಮ ಸಮಾಜದ ಎಷ್ಟೋ ತರುಣರು ಬೆಂಗಳೂರಿನಲ್ಲಿ ಇಂಥ ಕೊಳವೆಗಳನ್ನು ಜೋಡಿಸುವ ಉದ್ಯೋಗದಲ್ಲಿಯೇ ಇದ್ದಾರೆ. ಯಾವ ಕಲಮನ್ನು ಸೆಳೆಯಬೇಕು, ಯಾವುದನ್ನು ಬಿಡಬೇಕು, ಎಷ್ಟು ದಿನಕ್ಕೆ ಅಳಿಸಬೇಕೆಂಬ ತೀರ್ಮಾನ ಅವರ ಬೆರಳ ತುದಿಯಲ್ಲಿರುತ್ತದೆ. ಅಲ್ಲಿ ವ್ರತ ಪಾಲಿಸುವುದು ಪರ್ವದಿನ ಉಪವಾಸವಿರುವುದಕ್ಕಿಂತ ಕಠಿಣ, ಏಕೆಂದರೆ ಕಾಣುವವರಿಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ದತ್ತಾಂಶ ಸಂರಕ್ಷಣಾ ಕಾಯದೆಯು, ಉದ್ದೇಶ ತೀರಿದ ಮೇಲೆ ವಿವರಗಳನ್ನು ಅಳಿಸಬೇಕೆಂದು ಸಂಸ್ಥೆಗಳಿಗೆ ವಿಧಿಸುತ್ತದೆ. ಆದರೆ ಸರ್ಕಾರಕ್ಕೆ ಈ ಅಳಿಸುವ ಹೊಣೆಯಿಂದ ವಿನಾಯಿತಿಯಿದೆ.

ನೋಂದಣಿ ಮಾಡಿಸಿಕೊಳ್ಳುವ ಸಣ್ಣ ವ್ಯಾಪಾರಿಗಳಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಜುಲೈ 23ರಂದು ಪ್ರಕಟಿಸಿದರು. ವ್ಯಾಪಾರಿಗಳು ಉಸಿರು ಬಿಟ್ಟರು. ಬಾಕಿಯ ಮಾತು ಅಲ್ಲಿಗೆ ನಿಂತಿತು. ಬಾಕಿಯನ್ನು ಹುಟ್ಟಿಸಿದ ಸಾಲುಗಳನ್ನು ಅಳಿಸುವ ಮಾತನ್ನು ಕೇಳಿದವರೂ ವಿರಳ, ಹೇಳಿದವರೂ ವಿರಳ.